ಎಂಟು ಮನೆ ಹಪ್ಪಳ ಮತ್ತು ನನ್ನ ಎಂಬಿಎ

ಅರವತ್ತೇಳನೇ ವಯಸ್ಸಿನಲ್ಲಿ ನಾನು ಎಂಬಿಎಗೆ ಸೇರಿದ್ದು ಜ್ಞಾನದಾಹದಿಂದಲ್ಲ, ತಮಾಷೆಗೆ. ಶಿವಮೊಗ್ಗದಲ್ಲಿ ಭಾನುವಾರ ಮಾತ್ರ ತರಗತಿ ನಡೆಸುವ ದೂರಶಿಕ್ಷಣ ಕೇಂದ್ರವೊಂದಿದೆ. ಪರಿಚಯದವರೊಬ್ಬರಿಗೆ ಅರ್ಜಿ ತರಲು ಅಲ್ಲಿಗೆ ಹೋಗಿದ್ದೆ. ಕೌಂಟರಿನಲ್ಲಿದ್ದ ಹುಡುಗಿ "ಮೊಮ್ಮಗಳಿಗಾ ತಾತ?" ಎಂದಳು. ನಾನು ಮುಖ ಬಿಗಿದುಕೊಂಡು "ನನಗೇ" ಎಂದೆ. ಅವಳು ನಗಲಿ ಎಂದು ಹೇಳಿದ್ದು. ಅವಳು ನಗಲಿಲ್ಲ. ಡಿಗ್ರಿ ಅಂಕಪಟ್ಟಿ ಇದೆಯಾ ಎಂದು ಕೇಳಿದಳು. ಇದೆ ಎಂದೆ. ಅಲ್ಲಿಗೆ ತಮಾಷೆ ನನ್ನ ಕೈ ಮೀರಿತು.

ಆದರೂ ನನಗೆ ಭಯವಿರಲಿಲ್ಲ. ಭದ್ರಾವತಿಯಲ್ಲಿ ಕಾರ್ಖಾನೆಯ ಸ್ಟೋರ್ಸ್ ವಿಭಾಗದಲ್ಲಿ ಮೂವತ್ತೆರಡು ವರ್ಷ ದುಡಿದವನು ನಾನು. ಹೊಸ ಮ್ಯಾನೇಜರ್ ಬಂದ ದಿನ ಅವರ ಕುರ್ಚಿಯಲ್ಲಿ ನಾನೇ ಕೂತು, ಅವರನ್ನೇ ಸಂದರ್ಶನ ಮಾಡಿ, "ಆಯ್ಕೆಯಾದ್ರೆ ಕಾಗದ ಹಾಕ್ತೀವಿ" ಎಂದು ವಾಪಸ್ ಕಳಿಸಿದ್ದೆ. ಅವರು ಗೇಟಿನವರೆಗೂ ಹೋಗಿದ್ದರು. ಇಂಥ ಅನುಭವವಿರುವವನಿಗೆ ಎಂಬಿಎ ಏನು ಮಹಾ?

ಮೊದಲ ವರ್ಷ ಹೇಗೋ ಪಾಸಾದೆ. ಎರಡನೇ ವರ್ಷ 'ಸ್ಟ್ರಾಟೆಜಿಕ್ ಮ್ಯಾನೇಜ್‌ಮೆಂಟ್' ಎಂಬ ವಿಷಯ ಬಂತು. ಒಂದು ಸಂಸ್ಥೆಯ ಬಲವೇನು, ದೌರ್ಬಲ್ಯವೇನು, ಸುತ್ತಲ ಅವಕಾಶವೇನು, ಅಪಾಯವೇನು ಎಂದು ನಾಲ್ಕು ಚೌಕದಲ್ಲಿ ಬರೆದರೆ ಅರ್ಧ ಕೆಲಸ ಮುಗಿದಂತೆ. ಪೈಪೋಟಿಯ ಐದು ಶಕ್ತಿಗಳನ್ನು ಅಳೆದರೆ ಉಳಿದರ್ಧವೂ ಮುಗಿದಂತೆ. ಇಷ್ಟು ಸುಲಭವಾದ ವಿದ್ಯೆ ಗೊತ್ತಿಲ್ಲದೆ ಜನ ಸುಮ್ಮನೆ ಕಷ್ಟಪಡುತ್ತಿದ್ದಾರೆ ಎಂದು ನನಗೆ ಮರುಕ ಹುಟ್ಟಿತು.

ಪಾಠ ಹೇಳುತ್ತಿದ್ದ ರಶ್ಮಿ ಮೇಡಂ ನನ್ನ ಮಗಳ ವಯಸ್ಸಿನವರು. ಪ್ರತಿಯೊಬ್ಬರೂ ಒಂದು ಸಂಸ್ಥೆಯನ್ನು ಆರಿಸಿಕೊಂಡು, ಸಿದ್ಧಾಂತವನ್ನು ಅದಕ್ಕೆ ಅನ್ವಯಿಸಿ, ಶಿಫಾರಸುಗಳೊಂದಿಗೆ ವರದಿ ಕೊಡಬೇಕು ಎಂದರು. ಬೇರೆಯವರು ಡೈರಿ, ಮೊಬೈಲ್ ಅಂಗಡಿ ಎಂದೆಲ್ಲ ಬರೆಸಿದರು. ನಾನು "ನಮ್ಮ ಬೀದಿ ಹಪ್ಪಳ" ಎಂದೆ. ಇಡೀ ತರಗತಿ ನಕ್ಕಿತು. ಅರ್ಜಿ ಹಾಕಿದ ದಿನದಿಂದ ಕಾಯುತ್ತಿದ್ದ ನಗು ಅದು.

ನಮ್ಮ ಬೀದಿ ಎಂದರೆ ಕಾಗದನಗರದ ಪಕ್ಕದ ಬಡಾವಣೆ. ಕ್ವಾರ್ಟರ್ಸ್‌ನಲ್ಲಿ ಅಕ್ಕಪಕ್ಕ ಇದ್ದ ಎಂಟು ಸಂಸಾರಗಳು ರಿಟೈರಾದ ಮೇಲೆ ಇಲ್ಲೇ ಸಾಲಾಗಿ ಮನೆ ಕಟ್ಟಿಕೊಂಡೆವು. ಯುಗಾದಿ ಕಳೆದು ಹಲಸಿನಕಾಯಿ ಬಲಿತರೆ ಎಂಟು ಮನೆ ಹೆಂಗಸರು ಮುಯ್ಯಾಳು ಶುರುಮಾಡುತ್ತಾರೆ. ಇವತ್ತು ಒಂದು ಮನೆಗೆ ಎಲ್ಲರೂ ಹೋಗಿ ಹಪ್ಪಳ ಒತ್ತುವುದು, ಇನ್ನೊಂದು ದಿನ ಇನ್ನೊಂದು ಮನೆಗೆ. ಕೂಲಿಯಿಲ್ಲ, ಪುಸ್ತಕವಿಲ್ಲ, ಅಧ್ಯಕ್ಷರಿಲ್ಲ. ಗಂಡಸರ ಪಾತ್ರ ಕಾಯಿ ಹೊತ್ತು ತರುವುದು, ಕೊಯ್ದು ಕೊಡುವುದು, ಆಮೇಲೆ ಸಂಜೆಯವರೆಗೂ ಕಣ್ಣಿಗೆ ಬೀಳದಿರುವುದು.

"ಲೆಕ್ಕವೇ ಇಡದ ಸಂಸ್ಥೆ ಮೇಡಂ. ನಾನು ಸರಿ ಮಾಡ್ತೀನಿ" ಎಂದೆ.

ರಶ್ಮಿ ಮೇಡಂ ಸ್ವಲ್ಪ ಯೋಚಿಸಿ, "ಸರ್, ಸರಿ ಮಾಡೋಕೆ ಮುಂಚೆ, ಅವರು ಯಾಕೆ ಲೆಕ್ಕ ಇಟ್ಟಿಲ್ಲ ಅಂತ ಒಂದ್ಸಲ ಕೇಳಿ" ಎಂದರು.

ಒಳ್ಳೆಯ ಸಲಹೆ. ನಾನು ಬರೆದುಕೊಳ್ಳಲಿಲ್ಲ.

ಆ ವರ್ಷದ ಹಪ್ಪಳ ನಮ್ಮ ಮನೆಗೆ ಬಹಳ ಮುಖ್ಯವಾಗಿತ್ತು. ನನ್ನ ಹೆಂಡತಿ ಸರೋಜಳ ತಂಗಿ ನವುಲೆಯಲ್ಲಿದ್ದಾಳೆ. ಮೇ ತಿಂಗಳಲ್ಲಿ ಅವಳ ಮಗಳ ಮದುವೆ. ಚಪ್ಪರದ ದಿನದ ಊಟಕ್ಕೆ ಐನೂರು ಹಲಸಿನ ಹಪ್ಪಳ ತನ್ನ ಕಡೆಯಿಂದ ಎಂದು ಸರೋಜ ತಂಗಿಗೆ ಮಾತು ಕೊಟ್ಟಿದ್ದಳು. ಅಂಗಡಿಯ ಹಪ್ಪಳ ತಂದರೆ ತಂಗಿಯ ಅತ್ತೆ ಮನೆಯವರು ಏನನ್ನುತ್ತಾರೆ ಎಂಬುದು ಅಕ್ಕತಂಗಿಯರಿಬ್ಬರಿಗೂ ಬಾಯಿಪಾಠವಾಗಿತ್ತು. ಸರದಿಯಲ್ಲಿ ನಮ್ಮದು ಕೊನೆಯ ಮನೆ.

ನಾನು ಮೊದಲ ಆರು ಮನೆಗಳಿಗೂ ಸ್ಟಾಪ್‌ವಾಚ್ ಮತ್ತು ನೋಟ್‌ಬುಕ್ ಹಿಡಿದು ಹೋದೆ. ಹೆಂಗಸರಿಗೆ ಮೊದಮೊದಲು ಖುಷಿ.

"ಅಣ್ಣಾ, ನಂದು ಚೆನ್ನಾಗಿ ಬರ್ಕೊಳ್ಳಿ" ಎಂದು ಸೆಲ್ವಿ ನಗುತ್ತಿದ್ದಳು. ಸೆಲ್ವಿ ನಮ್ಮ ಪಕ್ಕದ ಮನೆಯವಳು, ಫೌಂಡ್ರಿ ಕೆಲಸಕ್ಕೆಂದು ಸೇಲಂ ಕಡೆಯಿಂದ ಬಂದ ಸಂಸಾರ. ಮೂರು ಹಪ್ಪಳ ಒತ್ತಿದರೆ ಒಂದು ಹರಿಯುತ್ತಾಳೆ. ಬರೆದುಕೊಂಡೆ.

ಸರೋಜ ಗಂಟೆಗೆ ಅರವತ್ತು ಒತ್ತುತ್ತಾಳೆ. ಉಂಡೆಯನ್ನು ಎಣ್ಣೆ ಸವರಿದ ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಇಟ್ಟು, ಮೇಲೆ ಮಣೆಯಿಟ್ಟು ಒಮ್ಮೆ ಒತ್ತಿದರೆ ಚಂದ್ರನಂಥ ಹಪ್ಪಳ. ಉಳಿದವರು ನಲವತ್ತು, ನಲವತ್ತೈದು. ಇನ್ನು ಗಿರಿಜಕ್ಕ.

ಗಿರಿಜಕ್ಕ ನಮ್ಮೆಲ್ಲರಿಗಿಂತ ಹಿರಿಯಳು, ಎಪ್ಪತ್ತು ದಾಟಿದೆ. ಬೀದಿಯಲ್ಲಿ ಯಾವ ಕೆಲಸಕ್ಕೂ ಅವಳೇ ಮೊದಲು ಕೂರಬೇಕು. ಕೂರುತ್ತಾಳೆ. ಕೂತಮೇಲೆ ಮಾತಾಡುತ್ತಾಳೆ. ಯಾರ ಸೊಸೆ ಯಾರ ಮೇಲೆ ಸಿಟ್ಟಾಗಿ ತವರಿಗೆ ಹೋದಳು, ಹೊಳೆಹೊನ್ನೂರಿನ ಸಂತೆಯಲ್ಲಿ ತನ್ನ ಗಂಡ ಬೇರೆಯವರ ಎಮ್ಮೆ ಹೊಡೆದುಕೊಂಡು ಬಂದದ್ದು ಹೇಗೆ, ಇಂಥವು. ಒಂದು ಇಡೀ ದಿನದಲ್ಲಿ ಅವಳು ಒತ್ತಿದ ಹಪ್ಪಳ ಹನ್ನೊಂದು. ಆದರೂ ಕಾಫಿ ಮೊದಲು ಅವಳಿಗೇ.

ಕ್ಯಾಲೆಂಡರಿನ ಹಿಂಭಾಗದಲ್ಲಿ ನಾಲ್ಕು ಚೌಕ ಎಳೆದೆ. ಬಲ ಎಂಬಲ್ಲಿ ಸರೋಜ ಎಂದು ಬರೆದೆ. ದೌರ್ಬಲ್ಯ ಎಂಬಲ್ಲಿ ಗಿರಿಜಕ್ಕ ಎಂದು ಬರೆದೆ. ಅವಕಾಶ ಎಂಬಲ್ಲಿ ನನ್ನ ಹೆಸರನ್ನೇ ಬರೆದೆ. ಅಪಾಯ ಎಂಬ ಚೌಕಕ್ಕೆ ಏನೂ ಹೊಳೆಯಲಿಲ್ಲ, ಖಾಲಿ ಬಿಟ್ಟೆ.

ಸಾಧನೆಯನ್ನು ಅಳೆದು ಎಲ್ಲರಿಗೂ ಕಾಣುವಂತೆ ಪ್ರಕಟಿಸಿದರೆ ಸಂಸ್ಥೆ ಚುರುಕಾಗುತ್ತದೆ ಎಂದು ಪುಸ್ತಕದಲ್ಲಿತ್ತು. ಬೆಳಿಗ್ಗೆ ಎಲ್ಲರೂ ಬರುವ ಜಾಗವೆಂದರೆ ಹಾಲಿನ ಬೂತು. ಅದರ ಗೋಡೆಗೆ ಒಂದು ಪಟ್ಟಿ ಅಂಟಿಸಿದೆ. ಅಂಟಿಸುವಾಗ ನನಗೇ ನಗು ತಡೆಯಲಾಗಲಿಲ್ಲ, ಯಾಕೆಂದರೆ ಅದರಲ್ಲಿ ಅರ್ಧ ವಿಜ್ಞಾನ, ಅರ್ಧ ಕೀಟಲೆ. ಮೊದಲ ಸ್ಥಾನ ಸರೋಜ, ಗಂಟೆಗೆ ಅರವತ್ತು. ಏಳನೇ ಸ್ಥಾನ ಸೆಲ್ವಿ, ಹರಿದದ್ದು ಬಿಟ್ಟು ಇಪ್ಪತ್ತು. ಎಂಟನೇ ಸ್ಥಾನ ಗಿರಿಜಕ್ಕ, ದಿನಕ್ಕೆ ಹನ್ನೊಂದು, ಮಾತು ನಾಲ್ಕು ಗಂಟೆ.

ಯಾರೂ ಏನೂ ಅನ್ನಲಿಲ್ಲ. ಹಾಲು ತಗೊಂಡರು, ಓದಿದರು, ಹೋದರು. ಮೌನ ಎಂದರೆ ಒಪ್ಪಿಗೆ ಎಂದು ನಾನು ವರದಿಯಲ್ಲಿ ಬರೆದುಕೊಂಡೆ. ಸರೋಜಳಿಗೆ ಆ ಪಟ್ಟಿ ಗೊತ್ತೇ ಇರಲಿಲ್ಲ. ನಮ್ಮ ಮನೆಗೆ ಹಾಲು ತರುವವನು ನಾನು.

ಏಳನೇ ಮನೆ ಗಿರಿಜಕ್ಕನದು. ಮಾರನೇ ದಿನವೇ ಅವಳ ಸರದಿ. ಅದಾಗಿ ಎರಡು ದಿನಕ್ಕೆ ನಮ್ಮದು. ಇಲ್ಲಿ ನನ್ನ ತಲೆ ಚುರುಕಾಯಿತು. ಬಲವಾದ ಸಂಪನ್ಮೂಲವನ್ನು ಲಾಭ ಕಡಿಮೆಯಿರುವ ಕಡೆ ವ್ಯರ್ಥ ಮಾಡಬಾರದು. ಹನ್ನೊಂದು ಹಪ್ಪಳದವಳ ಮನೆಗೆ ಹೋಗಿ ಸರೋಜ ಮುನ್ನೂರು ಒತ್ತುವುದು ಯಾವ ನ್ಯಾಯ? ಅವಳ ಕೈ ನಮ್ಮ ಐನೂರಕ್ಕೆ ಉಳಿಯಬೇಕು.

ಸರೋಜಳಿಗೆ, "ಗಿರಿಜಕ್ಕನ ಮನೇಲಿ ನಾಳೆ ಇಲ್ವಂತೆ, ಕಾಯಿ ಇನ್ನೂ ಬಲ್ತಿಲ್ವಂತೆ. ಬಾ, ಶಿವಮೊಗ್ಗಕ್ಕೆ ಹೋಗಿ ಮದುವೆಗೆ ಸೀರೆ ತರೋಣ" ಎಂದೆ. ಗಿರಿಜಕ್ಕನಿಗೆ ಫೋನ್ ಮಾಡಿ, "ಸರೋಜಂಗೆ ಸೊಂಟ ಹಿಡ್ಕೊಂಡಿದೆ, ಏಳೋಕೇ ಆಗ್ತಿಲ್ಲ" ಎಂದೆ. ಪುಸ್ತಕದಲ್ಲಿ ಇದಕ್ಕೆ ಸಂಪನ್ಮೂಲಗಳ ಮರುಹಂಚಿಕೆ ಎನ್ನುತ್ತಾರೆ. ಸರೋಜ ಆಮೇಲೆ ಇಟ್ಟ ಹೆಸರನ್ನು ಇಲ್ಲಿ ಬರೆಯುವಂತಿಲ್ಲ.

ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಸೀರೆ ತಗೊಂಡೆವು, ಮಸಾಲೆ ದೋಸೆ ತಿಂದೆವು, ನಾನೇ ಮುಂದಾಗಿ ಒಂದು ಮೊಳ ಮಲ್ಲಿಗೆ ಕೊಡಿಸಿದೆ. ಮದುವೆಯಾಗಿ ನಲವತ್ತು ವರ್ಷದಲ್ಲಿ ಅವಳು ಕೇಳದೆ ನಾನು ಹೂ ಕೊಡಿಸಿದ್ದು ಅದೇ ಮೊದಲು. ಆಗಲೇ ಅವಳಿಗೆ ಅನುಮಾನ ಬರಬೇಕಿತ್ತು.

ಸಂಜೆ ಬಸ್ಸಿಳಿದು ಬೀದಿಗೆ ಬಂದೆವು. ಗಿರಿಜಕ್ಕನ ಮನೆ ತಾರಸಿಯ ಮೇಲೆ ಏಳೂ ಜನ ನಿಂತು, ಒಣಗಿದ ಹಪ್ಪಳ ತಿರುವಿ ಹಾಕುತ್ತಿದ್ದರು. ಸರೋಜ ಕೆಳಗೆ ನಿಂತಳು. ತಲೆಯಲ್ಲಿ ಮಲ್ಲಿಗೆ, ಕೈಯಲ್ಲಿ ಸೀರೆ ಅಂಗಡಿಯ ಚೀಲ.

ಗಿರಿಜಕ್ಕ ಮೇಲಿನಿಂದ ಬಗ್ಗಿ ನೋಡಿದಳು. "ಸೊಂಟ ಹೇಗಿದೆ ಸರೋಜಾ?"

"ಯಾವ ಸೊಂಟ?" ಎಂದಳು ಸರೋಜ.

ಅಷ್ಟೇ. ಮೇಲೆ ಏಳು ಜನ ಮತ್ತೆ ಹಪ್ಪಳ ತಿರುವತೊಡಗಿದರು.

ಮನೆಗೆ ಬಂದು ಸರೋಜ ನನ್ನನ್ನು ಕೂರಿಸಿ ಎಲ್ಲವನ್ನೂ ಬಾಯಿ ಬಿಡಿಸಿದಳು. ಫೋನು, ಕಾಯಿ ಬಲಿಯದ ಕಥೆ, ಹಾಲಿನ ಬೂತಿನ ಪಟ್ಟಿ.

"ಪಟ್ಟೀಲಿ ನನ್ನ ಹೆಸರು ಎಲ್ಲಿದೆ?"

"ಮೊದಲನೇದು. ಎಲ್ಲಕ್ಕಿಂತ ಮೇಲೆ" ಎಂದೆ, ಸ್ವಲ್ಪವಾದರೂ ಸಂತೋಷಪಡಲಿ ಎಂದು.

ಅವಳು ಹಣೆ ಹಿಡಿದುಕೊಂಡಳು. "ರೀ, ಆ ಲೆಕ್ಕ ನಾನೇ ಹೇಳಿ ಬರೆಸಿದ್ದು ಅಂದ್ಕೊಂಡಿರ್ತಾರೆ. ಅವರ ಹಪ್ಪಳಾನೆಲ್ಲ ಎಣಿಸಿ, ಕೊನೇಗೆ ಗಿರಿಜಕ್ಕನ ಮನೆಗೆ ಕೈ ಕೊಟ್ಟು, ಹೂ ಮುಡ್ಕೊಂಡು ಬಜಾರಿಗೆ ಹೋಗಿ ಬಂದೋಳು ನಾನು. ಇನ್ನು ನಮ್ಮನೆಗೆ ಯಾರು ಬರ್ತಾರೆ?"

"ಬರ್ತಾರೆ ಮಾರಾಯ್ತಿ. ಪೂರೈಕೆದಾರರಿಗೆ ಚೌಕಾಸಿ ಶಕ್ತಿ ಕಡಿಮೆ ಇದೆ. ನಾನು ಲೆಕ್ಕ ಹಾಕಿದೀನಿ."

ಎಲ್ಲರ ಮನೆಗೂ ಹೋಗಿ ಕರೆಯಲು ಅವಳಿಗೆ ಮುಖವಿರಲಿಲ್ಲ. ಮುಯ್ಯಾಳಿಗೆ ಕರೆಯುವ ಪದ್ಧತಿಯೂ ಇಲ್ಲ, ಸರದಿ ಬಂದರೆ ತಾವೇ ಬರುತ್ತಾರೆ. ಹೀಗಾಗಿ ನಾನು ಧೈರ್ಯವಾಗಿ ಹೊಳೆಹೊನ್ನೂರಿಗೆ ಹೋಗಿ ಗೂಡ್ಸ್ ಆಟೋದಲ್ಲಿ ಹನ್ನೆರಡು ಹಲಸಿನಕಾಯಿ ತಂದೆ. ಐನೂರಕ್ಕೆ ಆರು ಸಾಕು. ಆದರೆ ಪ್ರಮಾಣ ಹೆಚ್ಚಾದಷ್ಟೂ ಖರ್ಚು ಕಡಿಮೆ ಎಂಬ ಸಿದ್ಧಾಂತ ಆ ವಾರವೇ ಓದಿದ್ದೆ.

ನಮ್ಮ ಸರದಿಯ ದಿನ ಬೆಳಿಗ್ಗೆ ಐದಕ್ಕೆ ಎದ್ದು ಹನ್ನೆರಡೂ ಕಾಯಿ ಕೊಯ್ದೆ. ಕತ್ತಿ, ಕೈ, ಬಾಗಿಲ ಚಿಲಕ, ಕನ್ನಡಕ ಎಲ್ಲದಕ್ಕೂ ಅಂಟು. ಸರೋಜ ತೊಳೆ ಬಿಡಿಸಿ, ಹಬೆಯಲ್ಲಿ ಬೇಯಿಸಿ, ಉಪ್ಪು ಖಾರ ಜೀರಿಗೆ ಹಾಕಿ ರುಬ್ಬಿದಳು. ಈ ಹಿಟ್ಟು ಕಾಯುವ ಜಾತಿಯದಲ್ಲ. ಅವತ್ತೇ ಒತ್ತಿ ಬಿಸಿಲಿಗೆ ಹಾಕದಿದ್ದರೆ ಸಂಜೆಗೆ ಹುಳಿ ವಾಸನೆ.

ಒಂಬತ್ತಾಯಿತು. ಹತ್ತಾಯಿತು. ಎಂಟು ಚಾಪೆ, ಎಂಟು ಮಣೆ, ಒಬ್ಬಳು ಸರೋಜ.

ನಾನು ಕಾಂಪೌಂಡಿನಿಂದ ಇಣುಕಿ ಸೆಲ್ವಿಯನ್ನು ಕರೆದೆ. ಅವಳು ಬಾಗಿಲಿನಿಂದಲೇ, "ತಲೆ ನೋವು ಅಣ್ಣಾ. ನಾನು ಬಂದ್ರೂ ಹರಿದು ಹಾಕ್ತೀನಲ್ಲ" ಎಂದು ಒಳಗೆ ಹೋದಳು. ಉಳಿದವರಲ್ಲಿ ಒಬ್ಬರಿಗೆ ಬ್ಯಾಂಕು, ಒಬ್ಬರಿಗೆ ನೆಂಟರು, ಒಬ್ಬರಿಗೆ ವ್ರತ. ಗಿರಿಜಕ್ಕನಿಗೆ ಫೋನ್ ಮಾಡಿದೆ. ಅವಳು ಬಹಳ ಮೆತ್ತಗೆ ಮಾತಾಡಿದಳು.

"ನಾನು ಹನ್ನೊಂದು ಹಪ್ಪಳದೋಳು ಶೇಖರಪ್ಪ. ಬಂದ್ರೇನು, ಬಿಟ್ರೇನು?"

ಆಗಲೂ ನಾನು ಧೃತಿಗೆಡಲಿಲ್ಲ. ಪರಿಸ್ಥಿತಿ ಕೈಕೊಟ್ಟಾಗ ತಂತ್ರಜ್ಞಾನ ಬದಲಿಸಬೇಕು. ತಾರಸಿಯ ಮೇಲೆ ಉದ್ದದ ಪ್ಲಾಸ್ಟಿಕ್ ಹಾಸಿ, ಅದರ ಮೇಲೆ ನಲವತ್ತು ಉಂಡೆ ಸಾಲಾಗಿ ಇಟ್ಟು, ಮೇಲೊಂದು ಪ್ಲಾಸ್ಟಿಕ್ ಮುಚ್ಚಿ, ಖಾಲಿ ಗ್ಯಾಸ್ ಸಿಲಿಂಡರನ್ನು ಮಲಗಿಸಿ ಉರುಳಿಸಿದೆ. ಒಂದೇ ಸುತ್ತಿಗೆ ನಲವತ್ತು ಹಪ್ಪಳ. ಎಣ್ಣೆ ಸವರುವುದನ್ನು ಮರೆತಿದ್ದೆ. ಉಂಡೆಗಳ ನಡುವೆ ಜಾಗ ಬಿಡುವುದನ್ನೂ ಮರೆತಿದ್ದೆ. ಪ್ಲಾಸ್ಟಿಕ್ ಎತ್ತಿ ನೋಡಿದರೆ ನಲವತ್ತೂ ಸೇರಿ ಒಂದೇ ಆಗಿದ್ದವು. ಒಬ್ಬರು ಹೊದ್ದು ಮಲಗಬಹುದಿತ್ತು.

ಸರೋಜ ಮೇಲೆ ಬಂದು ನೋಡಿದಳು. ಬೈಯಲಿಲ್ಲ. ಆ ಹೊದಿಕೆಯನ್ನು ಮಡಚಿ ಬುಟ್ಟಿಗೆ ಹಾಕಿ ಮತ್ತೆ ಕೆಳಗೆ ಹೋಗಿ ಮಣೆ ಮುಂದೆ ಕೂತಳು. ನಾನು ಹಿಂದೆಯೇ ಹೋಗಿ ಬಾಗಿಲಲ್ಲಿ ನಿಂತೆ.

ಮೊದಲ ಗಂಟೆಯಲ್ಲಿ ಅವಳು ಐವತ್ತು ಒತ್ತಿದ್ದಳು. ಎರಡನೇ ಗಂಟೆಗೆ ನಲವತ್ತು. ಮಧ್ಯಾಹ್ನದ ಹೊತ್ತಿಗೆ ಗಂಟೆಗೆ ಇಪ್ಪತ್ತೈದೂ ಆಗುತ್ತಿರಲಿಲ್ಲ. ಮನೆಯಲ್ಲಿ ಮಣೆಯ ಸದ್ದು ಬಿಟ್ಟರೆ ಏನೂ ಇಲ್ಲ. ನಾನು ನೋಟ್‌ಬುಕ್ ತೆಗೆದು ನೋಡಿದೆ. ಒಂದು ದಿನ ಗಿರಿಜಕ್ಕ ಹಲ್ಲುನೋವೆಂದು ಸುಮ್ಮನೆ ಕೂತಿದ್ದಳು. ಅವತ್ತು ಎಲ್ಲರ ಅಂಕಿಯೂ ಕೆಳಗೆ ಬಿದ್ದಿತ್ತು. ನಾನು ಅದನ್ನು ಬಿಸಿಲಿನ ಪರಿಣಾಮ ಎಂದು ಬರೆದಿದ್ದೆ.

ಸರೋಜ ತಲೆಯೆತ್ತದೆ ಹೇಳಿದಳು. "ತಂಗಿಗೆ ಫೋನ್ ಮಾಡಿ ಹೇಳ್ಬಿಡಿ. ಅಂಗಡೀಲೇ ತಗೊಳ್ಳಲಿ."

ಅವಳ ಧ್ವನಿಯಲ್ಲಿ ಸಿಟ್ಟಿದ್ದಿದ್ದರೆ ನಾನು ಏನಾದರೂ ತಮಾಷೆ ಮಾಡಿ ತಪ್ಪಿಸಿಕೊಳ್ಳುತ್ತಿದ್ದೆ. ಸಿಟ್ಟಿರಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಗಿರಿಜಕ್ಕನ ಮನೆಗೆ ಹೋದೆ.

ಅವಳು ಜಗಲಿಯ ಮೇಲೆ ಕೂತಿದ್ದಳು. "ಏನು ಮಾರಾಯ, ಕಾಗದ ಅಂಟಿಸೋಕೆ ಬಂದ್ಯಾ? ಗೋಡೆಗೆ ಮೊನ್ನೆ ತಾನೇ ಬಣ್ಣ ಹೊಡ್ಸಿದೀವಿ."

"ತಪ್ಪಾಯ್ತು ಗಿರಿಜಕ್ಕ."

"ಯಾವ್ದು?"

ಕಷ್ಟದ ಪ್ರಶ್ನೆ. ಆಯ್ಕೆಗಳು ಬಹಳ ಇದ್ದವು. "ಸರೋಜಂಗೆ ಏನೂ ಗೊತ್ತಿಲ್ಲ. ಗಡಿಯಾರ ನಂದು, ಕಾಗದ ನಂದು, ಆ ಸೊಂಟಾನೂ ನಂದೇ" ಎಂದೆ.

ಅವಳ ತುಟಿ ಸ್ವಲ್ಪ ಅಲುಗಿತು. ನಗಲಿಲ್ಲ. "ಒಬ್ಳೇ ಒತ್ತಾ ಇದಾಳಾ?"

"ಹೂಂ. ನೂರಾ ಮೂವತ್ತಾಗಿದೆ."

"ಯಾರು ಎಣಿಸಿದ್ದು?"

"ನಾನೇ."

"ಇನ್ನೂ ಎಣಿಸ್ತಾನೇ ಇದೀಯ."

ಅವಳು ಬಲಗೈ ಮುಂದೆ ಚಾಚಿದಳು. ಮಣಿಕಟ್ಟಿಗೆ ಕಂದು ಬಣ್ಣದ ಬ್ಯಾಂಡೇಜು. ಆರು ದಿನ ಎದುರಿಗೆ ಕೂತು ಗಡಿಯಾರ ನೋಡುತ್ತಿದ್ದ ನನಗೆ ಅದು ಕಂಡಿರಲಿಲ್ಲ.

"ಎರಡು ವರ್ಷದಿಂದ ಮಣೆ ಒತ್ತೋಕಾಗಲ್ಲ. ನಾನು ಬರಲ್ಲ ಕಣ್ರೇ ಅಂದೆ. ನಿನ್ನ ಹೆಂಡ್ತೀನೇ ಅಂದಿದ್ದು, ನೀನು ಬಂದು ಕೂತು ಮಾತಾಡು ಗಿರಿಜಕ್ಕ, ಒತ್ತೋದು ನಾವು ನೋಡ್ಕೋತೀವಿ ಅಂತ. ಮಾತು ಎಷ್ಟಾಯ್ತು ಅಂತ ಬರ್ದೆಯಲ್ಲ, ನಾಲ್ಕು ಗಂಟೆ ಮಾತಾಡಿ ನೋಡು, ಗಂಟಲು ಏನಾಗುತ್ತೆ ಅಂತ ಗೊತ್ತಾಗುತ್ತೆ."

ಆ ಹನ್ನೊಂದನ್ನು ಅವಳು ಯಾಕೆ ಒತ್ತಿದಳು ಎಂದು ಆಗ ನನಗೆ ಹೊಳೆಯಿತು. ಸುಮ್ಮನೆ ಕೂರಲು ನಾಚಿಕೆಯಾಗಿ ಒತ್ತಿರಬೇಕು.

"ಒಂದು ಷರತ್ತು" ಎಂದು ಗಿರಿಜಕ್ಕ ಎದ್ದಳು. "ಇನ್ಮೇಲೆ ಹಪ್ಪಳದ ದಿನ ನೀನು ಈ ಬೀದೀಲಿ ಇರಬಾರದು. ಇವತ್ತೊಂದು ದಿನ ತಾರಸಿ ಮೇಲೆ ಕಾಗೆ ಓಡಿಸು."

ಅವಳು ರಸ್ತೆಗಿಳಿದು ನಮ್ಮ ಮನೆ ಕಡೆ ನಡೆದಳು. ಯಾರನ್ನೂ ಕರೆಯಲಿಲ್ಲ. ಆದರೆ ಅವಳು ನಡೆಯುವುದು ಕಿಟಕಿಗಳಿಗೆ ಕಂಡಿತು. ಸೆಲ್ವಿಯ ತಲೆನೋವು ವಾಸಿಯಾಯಿತು. ಬ್ಯಾಂಕು ಮುಚ್ಚಿತು. ನೆಂಟರು ಎದ್ದು ಹೋದರು. ಹತ್ತು ನಿಮಿಷದಲ್ಲಿ ಎಂಟು ಮಣೆಗೂ ಜನ.

ನಾನು ಕೋಲು ಹಿಡಿದು ತಾರಸಿಯ ಮೇಲೆ ನಿಂತೆ. ಕೆಳಗಿನಿಂದ ಗಿರಿಜಕ್ಕನ ಧ್ವನಿ ಕೇಳುತ್ತಿತ್ತು. "ಒಬ್ಬ ಗಂಡ್ಸು ಇದ್ದ ಕಣ್ರೇ, ಹೆಂಡ್ತಿಗೆ ಇಲ್ಲದ ಸೊಂಟನೋವು ತಂದೋನು" ಎಂದು ಶುರುಮಾಡಿದಳು. ಆಮೇಲೆ ಏಳು ಜನರ ನಗು. ಸ್ವಲ್ಪ ಹೊತ್ತಿಗೆ ಎಂಟನೆಯ ನಗುವೂ ಸೇರಿತು, ಅದು ಸರೋಜಳದು. ನನ್ನ ಬಗ್ಗೆ ಇಷ್ಟು ಉದ್ದದ ಕಥೆ ಇದೆಯೆಂದು ನನಗೇ ಗೊತ್ತಿರಲಿಲ್ಲ. ಒಂದರ ಹಿಂದೆ ಒಂದು ಚಾಪೆ ಹಪ್ಪಳ ತಾರಸಿಗೆ ಬರುತ್ತಲೇ ಇತ್ತು.

ಒಟ್ಟು ಎಷ್ಟಾಯಿತು ಎಂದು ಇವತ್ತಿಗೂ ನನಗೆ ಗೊತ್ತಿಲ್ಲ. ಎಣಿಸುವ ಧೈರ್ಯವಾಗಲಿಲ್ಲ. ಚಪ್ಪರದ ದಿನ ಯಾರ ಎಲೆಗೂ ಕಡಿಮೆ ಬೀಳಲಿಲ್ಲ. ತಂಗಿಯ ಅತ್ತೆ ಮನೆಯವರೊಬ್ಬರು ಎರಡನೇ ಸಲ ಕೇಳಿ ಹಾಕಿಸಿಕೊಂಡು, ಯಾರು ಮಾಡಿದ್ದು ಎಂದರು. ಸರೋಜ ಏಳು ಜನರ ಹೆಸರು ಹೇಳಿದಳು. ಮೊದಲು ಗಿರಿಜಕ್ಕನದು.

ವರದಿ ಕೊಡುವ ದಿನ ರಶ್ಮಿ ಮೇಡಂ ಪುಟ ತಿರುವಿ, "ಸರ್, ಶಿಫಾರಸುಗಳ ಅಧ್ಯಾಯವೇ ಇಲ್ವಲ್ಲ" ಎಂದರು.

"ಜಾರಿ ಮಾಡಿ ನೋಡಿದೆ ಮೇಡಂ. ಅದಕ್ಕೇ ಕಿತ್ತು ಹಾಕಿದೆ."

ಅವರು ಬಹಳ ಹೊತ್ತು ನಕ್ಕರು. ಸಿದ್ಧಾಂತದ ಮಿತಿ ಇಷ್ಟು ಚೆನ್ನಾಗಿ ಯಾರೂ ತೋರಿಸಿಲ್ಲ ಎಂದರು. ಆಮೇಲೆ, ಶಿಫಾರಸಿಲ್ಲದ ವರದಿಗೆ ಪಾಸ್ ಅಂಕ ಕೊಡಲು ನಿಯಮದಲ್ಲಿ ಅವಕಾಶವಿಲ್ಲ ಎಂದೂ ಹೇಳಿದರು. ಮತ್ತೆ ಒಂದು ವರ್ಷ ತರಗತಿಗೆ ಬರಬೇಕು.

ಫೇಲಾದ ಸುದ್ದಿ ಬೀದಿಗೆ ಮುಟ್ಟಿದಾಗ ಎಂಟು ಮನೆಯವರೂ ಸೇರಿ ಒಂದು ತೀರ್ಮಾನ ಮಾಡಿದರು. ಮುಂದಿನ ವರ್ಷದಿಂದ ಹಪ್ಪಳ ಭಾನುವಾರ ಮಾತ್ರ, ನಾನು ಶಿವಮೊಗ್ಗದ ತರಗತಿಯಲ್ಲಿರುವ ಹೊತ್ತಿಗೆ. ನನ್ನಿಂದಾಗಿ ಆ ಸಂಸ್ಥೆಯಲ್ಲಿ ಆದ ಏಕೈಕ ಸುಧಾರಣೆ ಇದು. ಈಗ ಭಾನುವಾರ ಬೆಳಿಗ್ಗೆ ಬಸ್ಸಿಗೆ ತಡವಾದರೆ ಸೆಲ್ವಿಯ ಗಂಡ ಸ್ಕೂಟರಿನಲ್ಲಿ ಬಿಟ್ಟು ಬರುತ್ತಾನೆ. ಬುತ್ತಿಗೆ ಯಾರಾದರೂ ಪಲ್ಯ ಕಳಿಸುತ್ತಾರೆ. ನನ್ನ ವಿದ್ಯಾಭ್ಯಾಸಕ್ಕೆ ಇಷ್ಟು ಪ್ರೋತ್ಸಾಹ ಹೆತ್ತವರಿಂದಲೂ ಸಿಕ್ಕಿರಲಿಲ್ಲ.

ಮೊನ್ನೆ ಪರೀಕ್ಷೆಗೆ ಹಣ ಕಟ್ಟುವ ಕೊನೆಯ ದಿನ ಎಂದು ಗಡಿಬಿಡಿಯಲ್ಲಿ ಹೊರಟಿದ್ದೆ. ಸರೋಜ ಬಾಗಿಲವರೆಗೂ ಬಂದಳು.

"ಅವಸರ ಏನಿಲ್ಲ ರೀ" ಎಂದಳು. "ನಿಧಾನಕ್ಕೆ ಪಾಸಾಗಿ."